ಓದುಗರ ಪ್ರಶ್ನೆ: ಕೇಳಿದ್ದನ್ನೆಲ್ಲ ಕೊಟ್ಟರೂ ತಂತ್ರಾಂಶ ಮೂಲೆ ಸೇರಿತೇಕೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರು ಕೇಳಿದಂತೆಯೇ ಮೂರು ತಿಂಗಳು ದುಡಿದು ಬಿಲ್ಲಿಂಗ್ ತಂತ್ರಾಂಶ ಮಾಡಿಕೊಟ್ಟೆ. ಎರಡೇ ವಾರದಲ್ಲಿ ಅವರು ಹಳೆಯ ಲೆಕ್ಕದ ಪುಸ್ತಕಕ್ಕೆ ಮರಳಿದರು. ನಾನು ತಪ್ಪಿದ್ದೆಲ್ಲಿ?
– ಓದುಗರೊಬ್ಬರು, ಕುಂಬಳೆ

ಉತ್ತರ: ಅವರು ಬಾಯಲ್ಲಿ ಹೇಳಿದ್ದಷ್ಟನ್ನೇ ನೀವು ನೆಚ್ಚಿಕೊಂಡಿರಿ. ದಿನನಿತ್ಯ ಮಾಡುವ ಕೆಲಸವನ್ನು ಯಾರೂ ಪೂರ್ತಿಯಾಗಿ ವಿವರಿಸಲಾರರು, ಏಕೆಂದರೆ ಕೈಗೆ ರೂಢಿಯಾದದ್ದು ಅವರ ಗಮನಕ್ಕೇ ಬರುವುದಿಲ್ಲ. ‘ಬಿಲ್ ಬೇಕು’ ಎಂದಾಗ ಅವರು ತಮಗೆ ಹೊಳೆದ ಪರಿಹಾರವನ್ನು ಹೇಳಿದರೇ ಹೊರತು ತಮ್ಮ ಕಷ್ಟವನ್ನಲ್ಲ.

ಅವರ ಅನುಮತಿ ಪಡೆದು ಆ ಪುಸ್ತಕವನ್ನೊಮ್ಮೆ ಬಿಡಿಸಿ ನೋಡಿ. ನಮ್ಮ ಕಡೆಯ ಅಂಗಡಿಗಳಲ್ಲಿ ನಾನು ಕಂಡಂತೆ ಒಬ್ಬ ಕೃಷಿಕರಿಗೆ ಒಂದು ಪುಟವಿರುತ್ತದೆ. ಅವರು ತಂದ ಅಡಿಕೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಗಳಾಗಿ ಬೇರ್ಪಟ್ಟು ಒಂದೊಂದಕ್ಕೆ ಒಂದೊಂದು ಧಾರಣೆ ಬೀಳುತ್ತದೆ. ಮಗಳ ಮದುವೆಗೆಂದು ಪಡೆದ ಮುಂಗಡ ಅದೇ ಪುಟದಲ್ಲಿ ವಜಾ ಆಗುತ್ತದೆ. ಉಳಿದ ಹಣವನ್ನು ಕೆಲವರು ಬೇಕಾದಾಗ ಒಯ್ಯುತ್ತೇವೆಂದು ಅಂಗಡಿಯಲ್ಲೇ ಬಿಟ್ಟಿರುತ್ತಾರೆ. ಒಂದೇ ಹೆಸರಿನ ನಾಲ್ವರಿದ್ದರೆ ಮನೆಯ ಹೆಸರೇ ಗುರುತು. ಒಂದು ಬಿಲ್ಲಿನೊಳಗೆ ಇಷ್ಟೆಲ್ಲ ಹಿಡಿಸುವುದಿಲ್ಲ. ಅವರಿಗೆ ಬೇಕಿದ್ದುದು ಬಹುಶಃ ಆ ಪುಟವೇ.

ನಾನೂ ಹಿಂದೆ ಹಾಲಿನ ಸಂಘವೊಂದಕ್ಕೆ ತಂತ್ರಾಂಶ ಬರೆದು ಹೀಗೆಯೇ ಎಡವಿದ್ದೆ. ಬೆಳಗಿನ ಸಾಲು ಬಾಗಿಲಿನಾಚೆಗೂ ಬೆಳೆದಿತ್ತು. ಹಾಲು ಅಳೆಯುವವರ ಒಂದು ಕೈಯಲ್ಲಿ ಲ್ಯಾಕ್ಟೋಮೀಟರ್ ಇತ್ತು, ಇನ್ನೊಂದು ಕೈ ಮಣಿಕಟ್ಟಿನವರೆಗೂ ಒದ್ದೆಯಾಗಿತ್ತು. ನಾನು ಕೊಟ್ಟದ್ದು ಪ್ರತಿ ಹೆಜ್ಜೆಗೂ ಮೌಸ್ ಹಿಡಿಯಬೇಕಾದ ಪರದೆ. ಅಂಕಿಯ ಕೀಲಿಗಳಿಂದಲೇ ನಡೆಯುವಂತೆ ತಿದ್ದಿದ ಮೇಲಷ್ಟೇ ಅದು ಬಳಕೆಗೆ ಬಂತು. ಮೊದಲೇ ಒಂದು ಬೆಳಗ್ಗೆ ಅಲ್ಲಿ ಹೋಗಿ ನಿಂತಿದ್ದರೆ ಆ ಜನರಿಗೆ ಅಷ್ಟು ದಿನ ತೊಂದರೆ ಕೊಡುತ್ತಿರಲಿಲ್ಲವೆಂಬ ನೋವು ನನಗೆ ಈಗಲೂ ಇದೆ.

2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ್ದ 17 ಮಂದಿ ತಂತ್ರಾಂಶ ಪರಿಣತರು ತಂತ್ರಾಂಶ ರೂಪಿಸುವ ರೀತಿಯ ಬಗೆಗಿನ ತಮ್ಮ ‘ಅಜೈಲ್’ ಪ್ರಣಾಳಿಕೆಯಲ್ಲಿ ಕರಾರಿನ ಮಾತುಕತೆಗಿಂತ ಗ್ರಾಹಕರೊಡನೆ ಕೂಡಿ ಕೆಲಸ ಮಾಡುವುದಕ್ಕೆ ಹೆಚ್ಚಿನ ಬೆಲೆ ಕೊಟ್ಟರು. ಬದಿಯಡ್ಕದಲ್ಲಿ ಹಾಗೆ ಕೂಡಿ ಕೆಲಸ ಮಾಡುವುದೆಂದರೆ ಅಡಿಕೆ ಹೆಚ್ಚು ಬರುವ ದಿನ ನೋಡಿ ತಕ್ಕಡಿಯ ಬಳಿ ಕುಳಿತುಕೊಳ್ಳುವುದು. ‘ಏನು ಬೇಕು’ ಎಂದು ಕೇಳದೆ, ‘ನಿನ್ನೆ ಕೊನೆಗೆ ಬಂದವರ ಲೆಕ್ಕ ಹೇಗೆ ಮಾಡಿದಿರಿ, ತೋರಿಸಿ’ ಎನ್ನಿ. ಹಿಂದೆ ಲೆಕ್ಕ ತಪ್ಪಿದ್ದು ಯಾವಾಗ, ಆಗ ಯಾರ ಮುಂದೆ ಮುಜುಗರವಾಯಿತು ಎಂದೂ ವಿಚಾರಿಸಿ. ಯಜಮಾನರ ಜೊತೆ ಮಾತಾಡಿದರೆ ಸಾಲದು, ಪುಸ್ತಕ ಬರೆಯುವ ಗುಮಾಸ್ತರೇ ನಿಮಗೆ ಮುಖ್ಯ. ತೂಗುವವರು ತುಳುವಿನಲ್ಲಿ ಕೂಗಿದ್ದನ್ನು ಅವರು ಮಲಯಾಳದಲ್ಲಿ ಬರೆದುಕೊಳ್ಳುತ್ತಿದ್ದರೆ ನಿಮ್ಮ ಪರದೆ ಯಾವ ಭಾಷೆಯಲ್ಲಿರಬೇಕೆಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ.

ನೀವು ಬರೆದದ್ದರಲ್ಲಿ ಬಿಲ್ ಮುದ್ರಿಸುವ ಭಾಗವನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಉಳಿದದ್ದಕ್ಕೆ ಕೈಹಾಕುವ ಮುನ್ನ ಹೊಸ ಪರದೆಗಳನ್ನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ ಗುಮಾಸ್ತರ ಮುಂದಿಡಿ, ಏನನ್ನೂ ವಿವರಿಸಬೇಡಿ, ಅವರ ಬೆರಳು ತಡೆದು ನಿಂತ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ.