198 ವಾರ್ಡ್‌ಗಳನ್ನು 369ರ ಜೊತೆ ಹೋಲಿಸೋದು ಹೇಗೆ?

ಪ್ರಶ್ನೆ: 2015ರ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಚುನಾವಣೆಯಲ್ಲಿ 198 ವಾರ್ಡ್‌ಗಳ ಪೈಕಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದಿದ್ದವು. ಈಗ ಬೆಂಗಳೂರಿಗೆ ಐದು ಪಾಲಿಕೆ, ಒಟ್ಟು 369 ವಾರ್ಡ್. ಹಾಗಾದರೆ ಬಿಜೆಪಿಯ ಹಳೇ ಬಲ 186 ಅಂತ ಹಿಡಿಯಬಹುದಾ?

ಹಿಡಿಯಬೇಡಿ. ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಆದರೂ ತಪ್ಪು ಲೆಕ್ಕ ವಾಟ್ಸಾಪಿನಲ್ಲಿ ಹರಿದಾಡುತ್ತಲೇ ಇದೆ. ತ್ರೈರಾಶಿ ಇಲ್ಲಿ ನಡೆಯೋದಿಲ್ಲ. ವಾರ್ಡಿನ ಗಡಿ ಗೆರೆ ಬದಲಾದರೆ ಅದೇ ಜನ ಅದೇ ಪಕ್ಷಕ್ಕೆ ಮತ ಹಾಕಿದರೂ ಗೆಲ್ಲುವವರು ಬದಲಾಗಬಹುದು. 2011ರ ಜನಗಣತಿಯ 84 ಲಕ್ಷ ಜನರನ್ನು 198ರಿಂದ ಭಾಗಿಸಿದರೆ ವಾರ್ಡಿಗೆ ಸರಾಸರಿ 42 ಸಾವಿರ. 369ರಿಂದ ಭಾಗಿಸಿದರೆ 23 ಸಾವಿರವೂ ಇಲ್ಲ. ಇಷ್ಟು ಚಿಕ್ಕ ವಾರ್ಡಲ್ಲಿ ಒಂದು ಬಡಾವಣೆ ಆಚೀಚೆ ಆದರೆ ಸಾಕು, ಫಲಿತಾಂಶವೇ ತಿರುಗುತ್ತದೆ.

ವಾರ್ಡ್ ಬಿಟ್ಟು ಮತಗಟ್ಟೆಗೆ ಇಳಿಯಿರಿ. ಹಳೇ ವಾರ್ಡಲ್ಲಿ 30 ಮತಗಟ್ಟೆ ಇದ್ದವು ಅಂದುಕೊಳ್ಳಿ. 17 ಪೂರ್ತಿಯಾಗಿ ಒಂದು ಹೊಸ ವಾರ್ಡಿಗೆ ಹೋದವು, 12 ಇನ್ನೊಂದಕ್ಕೆ. ಉಳಿದ ಒಂದರ ನಡುವೆಯೇ ಗೆರೆ ಹಾದಿದೆ: ರಸ್ತೆಯ ಎಡಗಡೆ ಮನೆಗಳು ಇತ್ತ, ಬಲಗಡೆಯವು ಅತ್ತ. ಆಗ 2015ರ ಮತದಾರರ ಪಟ್ಟಿ ತೆಗೆದು ಮನೆ ನಂಬರ್ ಹಿಡಿದು ಎಣಿಸಬೇಕು. 900 ಮತದಾರರಲ್ಲಿ 600 ಮಂದಿ ಎಡಗಡೆ ಇದ್ದರೆ, ಆ ಮತಗಟ್ಟೆಯಲ್ಲಿ ಪ್ರತಿ ಪಕ್ಷಕ್ಕೆ ಬಿದ್ದ ಮತದಲ್ಲಿ ಮೂರರಲ್ಲಿ ಎರಡು ಪಾಲು ಎಡಗಡೆಯ ವಾರ್ಡಿಗೆ. ಹೀಗೆ ಕೂಡಿಸುತ್ತಾ ಹೋದರೆ ಹೊಸ ವಾರ್ಡಿಗೆ 2015ರ ಅಂದಾಜು ಫಲಿತಾಂಶ ಸಿಗುತ್ತದೆ. ಹೋಲಿಸಬೇಕಾದ್ದು ಅದರ ಜೊತೆ, ಅದೂ ಶೇಕಡಾವಾರು ಮತವನ್ನು.

ಬೇಜಾರಿನ ಕೆಲಸ, ನಿಜ. ಒಂದು ವಾರ್ಡಿಗೆ ನನಗೆ ಅರ್ಧ ದಿನ ಹಿಡಿಯುತ್ತದೆ. ಆದರೂ ಇದು ಅಂದಾಜೇ. ಎಡಗಡೆಯವರೂ ಬಲಗಡೆಯವರೂ ಒಂದೇ ಥರ ಮತ ಹಾಕಿದ್ದರು ಅನ್ನೋದು ನಮ್ಮ ಊಹೆ. ಅದಕ್ಕೇ ಅಂದಾಜು ಅಂತರ 300 ಮತಕ್ಕಿಂತ ಕಡಿಮೆ ಬಂದರೆ ಆ ವಾರ್ಡನ್ನು ನಾನು ಯಾವ ಪಕ್ಷದ ಖಾತೆಗೂ ಹಾಕುವುದಿಲ್ಲ. ಪಕ್ಷೇತರರು ಗೆದ್ದ ವಾರ್ಡ್ ಎರಡಾಗಿ ಒಡೆದಿದ್ದರೆ ಇನ್ನೂ ಹುಷಾರಾಗಿರಿ. ಆ ಮತ ಬಿದ್ದದ್ದು ಮನುಷ್ಯನನ್ನು ನೋಡಿ, ಅವರು ಎರಡೂ ಕಡೆ ನಿಲ್ಲಲಾರರು. 2015ರಲ್ಲಿ ಒಂದು ವಾರ್ಡಲ್ಲಿ ಅವಿರೋಧ ಆಯ್ಕೆಯಾಗಿತ್ತು, ಮತದಾನ ನಡೆದದ್ದು 197ರಲ್ಲಿ ಮಾತ್ರ. ಅವಿರೋಧದ ಆ ವಾರ್ಡಲ್ಲಿ ಭಾಗ ಮಾಡಲು ಮತವೇ ಇಲ್ಲ. ಖಾಲಿ ಬಿಡಿ, ಸುಮ್ನೆ ತುಂಬಿಸಬೇಡಿ.

ಇದೊಂದನ್ನೂ ಮಾಡದೆ ಟಿಕೆಟ್ ಆಕಾಂಕ್ಷಿಗಳಿಗೆ 'ವಾರ್ಡ್‌ವಾರು ಗ್ಯಾರಂಟಿ ಪಟ್ಟಿ' ಮಾರುವವರಿದ್ದಾರೆ. ಅದು ಮೋಸ. ಮತಗಟ್ಟೆ ಲೆಕ್ಕ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ನಮ್ಮ ವಾರ್ಡಿನ ಹೆಸರು ಬದಲಾಗಿಲ್ಲ. ನೇರವಾಗಿ ಹೋಲಿಸಬಹುದಲ್ವಾ?

ಹೆಸರು ಬೇಡ, ನಕ್ಷೆ ನೋಡಿ.

ಪ್ರಶ್ನೆ: 2010 ಮತ್ತು 2015ರ ಫಲಿತಾಂಶ ಹೋಲಿಸಬಹುದಾ?

ಎರಡರಲ್ಲೂ 198 ವಾರ್ಡ್‌ಗಳೇ. ಹೋಲಿಸಬಹುದು. ಮೀಸಲಾತಿ ಬದಲಾದ ವಾರ್ಡ್‌ಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ನಡುವೆ 2022ರಲ್ಲಿ ವಿಂಗಡಿಸಿದ್ದ 243 ವಾರ್ಡ್‌ಗಳ ಪಟ್ಟಿ ನನ್ನ ಹತ್ತಿರ ಇದೆ. ಉಪಯೋಗಕ್ಕೆ ಬರುತ್ತಾ?

ಇಲ್ಲ. ಆ ಗೆರೆಗಳ ಮೇಲೆ ಚುನಾವಣೆಯೇ ನಡೆಯಲಿಲ್ಲ.

ಪ್ರಶ್ನೆ: 2015ರಲ್ಲಿ 100 ಗೆದ್ದ ಬಿಜೆಪಿಗೆ ಮೇಯರ್ ಸ್ಥಾನ ಸಿಗಲಿಲ್ಲ. ಹಾಗಾದರೆ ಗೆದ್ದವರು ಯಾರು?

ವಾರ್ಡ್‌ಗಳಲ್ಲಿ ಬಿಜೆಪಿಯೇ. ಮೇಯರ್ ಚುನಾವಣೆಯಲ್ಲಿ ಶಾಸಕರು, ಸಂಸದರಿಗೂ ಮತ ಇತ್ತು. ವಾರ್ಡ್ ಫಲಿತಾಂಶದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.