ಟ್ರಾಂಬೆಗೆ ಹೊರಟ ತಂಗಿಗೆ

ತಂಗೀ, ರಾಣೆಬೆನ್ನೂರು ಬಿಟ್ಟು ಮುಂಬೈಗೆ, ಅದೂ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಅಣುಇಂಧನದ ಲ್ಯಾಬಿಗೆ ಹೊರಟಿದ್ದೀಯ. ‘ಪ್ಲುಟೋನಿಯಂ ಮುಟ್ಟುವ ಕೆಲಸ ಅಂತ ಅವ್ವ ಅಳ್ತಾಳೆ, ಏನು ಹೇಳಲಿ ಅಕ್ಕಾ?’ ಎಂದು ಕೇಳಿದ್ದೀಯ. ಇಪ್ಪತ್ತೊಂದು ವರ್ಷದ ಹಿಂದೆ ನಾನು ಇದೇ ಕೆಲಸಕ್ಕೆ ಹೊರಟಾಗ ನಮ್ಮವ್ವನೂ ಅತ್ತಿದ್ದಳು.

ಪ್ಲುಟೋನಿಯಂ ಸೂಸುವ ವಿಕಿರಣ ಹೆಚ್ಚಾಗಿ ಆಲ್ಫಾ ಕಣ. ಅದನ್ನು ಒಂದು ಹಾಳೆ ಕಾಗದವೇ ತಡೆಯುತ್ತದೆ. ಅಪಾಯ ಇರುವುದು ಪುಡಿ ಉಸಿರಲ್ಲಿ ಒಳಹೋದರೆ. ಅದಕ್ಕೇ ಕೆಲಸವೆಲ್ಲ, ಗೋಡೆಗೇ ಗ್ಲೌಸ್ ಜೋಡಿಸಿದ ಮುಚ್ಚಿದ ಪೆಟ್ಟಿಗೆ ಅಂದರೆ ಗ್ಲೋವ್‌ಬಾಕ್ಸಿನಲ್ಲಿ. ಅದರೊಳಗಿನ ಒತ್ತಡ ಕೋಣೆಗಿಂತ ಕಡಿಮೆ. ಗ್ಲೌಸ್ ತೂತಾದರೂ ಹೊರಗಿನ ಗಾಳಿಯೇ ಒಳಗೆ ನುಗ್ಗುತ್ತದೆ. ಮೈಯೊಳಗೆ ತೂರುವ ಗಾಮಾ ಕಿರಣ ಇಲ್ಲವೇ ಇಲ್ಲ ಅನ್ನಲಾರೆ. ಮೈಗೆ ಅದು ಎಷ್ಟು ತಾಗಿತು ಅನ್ನುವ ಲೆಕ್ಕಕ್ಕೆ ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಒಂದು ದಿನವೂ ಮರೆಯಬೇಡ.

ಇನ್ನು ಕೆಲಸ. ಕಲ್ಪಾಕ್ಕಂನಲ್ಲಿ 1985ರಲ್ಲಿ ಶುರುವಾದ ಎಫ್‌ಬಿಟಿಆರ್ ಎಂಬ ಪರೀಕ್ಷಾ ರಿಯಾಕ್ಟರಿನ ಇಂಧನ ತಯಾರಾದದ್ದು ಟ್ರಾಂಬೆಯಲ್ಲೇ: 70 ಪಾಲು ಪ್ಲುಟೋನಿಯಂ ಕಾರ್ಬೈಡ್, 30 ಪಾಲು ಯುರೇನಿಯಂ ಕಾರ್ಬೈಡ್. ಅಂಥ ಇಂಧನದಲ್ಲಿ ರಿಯಾಕ್ಟರ್ ನಡೆಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಪ್ಲುಟೋನಿಯಂ, ಯುರೇನಿಯಂ ಎರಡರ ಆಕ್ಸೈಡನ್ನೂ ಗ್ರಾಫೈಟ್ (ಇಂಗಾಲ) ಪುಡಿ ಜತೆ ಅರೆದು, ನಿರ್ವಾತದಲ್ಲಿ ಕಾಯಿಸಿ ಕಾರ್ಬೈಡ್ ಮಾಡಬೇಕು. ಮತ್ತೆ ಪುಡಿ ಮಾಡಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟರೆ ಪೆಲೆಟ್ ಅನ್ನುವ ಇಂಧನದ ಗುಳಿಗೆ, ತೊಗರಿಕಾಳಿನಷ್ಟು ದಪ್ಪ. ತೇವ, ಆಕ್ಸಿಜನ್ ತಾಗಿದರೆ ಕಾರ್ಬೈಡ್ ಕೆಡುತ್ತದೆ, ಪುಡಿಗೆ ಬೆಂಕಿಯೂ ಹತ್ತಬಹುದು. ಮುಂಬೈಯ ಜುಲೈ ಗಾಳಿ ಹೊರಗೆ, ಒಣ ಅನಿಲ ಒಳಗೆ, ನಡುವೆ ನಿನ್ನ ಎರಡು ಕೈ.

ಶುರುವಿನಲ್ಲಿ ನಾನು ಅವಸರದಿಂದ ಎತ್ತಿದ ಪೆಲೆಟ್ಟಿನ ಅಂಚು ಅಕ್ಕಿನುಚ್ಚಿನಷ್ಟು ಹಾರಿತು. ಕಲಿಸುತ್ತಿದ್ದ ಹಿರಿಯರು ಬೈಯಲಿಲ್ಲ. ‘ಚೂರು ಹುಡುಕು, ತೂಗು, ಬರೆದಿಡು’ ಅಂದರು. ಒಳಗೆ ಹೋದ ತೂಕ ಹೊರಬಂದ ತೂಕಕ್ಕೆ ತಾಳೆಯಾಗಲೇಬೇಕು. ದಪ್ಪ ಗ್ಲೌಸಿನೊಳಗೆ ಚಿಮಟ ಹಿಡಿದು ಅರ್ಧ ದಿನ ಹುಡುಕಿದೆ. ಕೈ ಹೊರಗೆ ತೆಗೆದಾಗ ಬೆರಳೆಲ್ಲ ಬೆವರಿಗೆ ಬಿಳಿಚಿ ಸುಕ್ಕುಗಟ್ಟಿತ್ತು. ಆ ಚೂರು ಸಿಕ್ಕಿದಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ. ಈ ಕೆಲಸ ನನಗೆ ಇಷ್ಟವಾದದ್ದು ಅವತ್ತೇ.

ಹಿಂದಿ ಮೂರು ತಿಂಗಳಲ್ಲಿ ಬರುತ್ತದೆ, ಮರಾಠಿಯನ್ನು ಮನಸ್ಸಿಟ್ಟು ಕಲಿ. ಕನ್ನಡ ಬೇಕೆನಿಸಿದರೆ ಮಾಟುಂಗದಲ್ಲಿ ಕರ್ನಾಟಕ ಸಂಘ ಇದೆ, ಮೈಸೂರು ಅಸೋಸಿಯೇಷನ್ ಇದೆ. ಮನೆ ಬಾಗಿಲಿಗೆ ಕನ್ನಡ ಪತ್ರಿಕೆ ‘ಕರ್ನಾಟಕ ಮಲ್ಲ’ ಬರುತ್ತದೆ. ತುಮಕೂರಿನ ಅಣುವಿಜ್ಞಾನಿ ರಾಜಾ ರಾಮಣ್ಣ ಇದೇ ಕೇಂದ್ರದ ನಿರ್ದೇಶಕರಾಗಿದ್ದರು ಅಂತ ಅವ್ವನಿಗೆ ಹೇಳು, ಸ್ವಲ್ಪ ಧೈರ್ಯ ಬಂದೀತು.

ದಾದರಿನಲ್ಲಿ ಇಳಿ. ಕುರ್ಲಾಕ್ಕೆ ಸ್ಲೋ ಲೋಕಲ್, ಅಲ್ಲಿಂದ ಹಾರ್ಬರ್ ಲೈನಿನಲ್ಲಿ ಮಾನ್‌ಖುರ್ದ್. ಟಿಕೆಟ್ ಕೌಂಟರ್ ಹತ್ತಿರ ನಿಂತಿರುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಾ.