ಅಜ್ಜ ‘ಸತಿ ಸುಲೋಚನಾ’ದಲ್ಲಿ ನಟಿಸಿದ್ದರೇ?

ಸಾಗರದ ನಿಮ್ಮ ಅಜ್ಜ ಕನ್ನಡದಲ್ಲಿ ಮೊದಲು ತೆರೆಕಂಡ ಮಾತಿನ ಚಿತ್ರ ‘ಸತಿ ಸುಲೋಚನಾ’ದಲ್ಲಿ ನಟಿಸಿದ್ದರೆಂದು ಮನೆಯಲ್ಲಿ ಹೇಳುತ್ತಾರೆ, ವೇಷದ ಫೋಟೊ ಒಂದಿದೆ, ಆದರೆ ತಾರಾಗಣದಲ್ಲಿ ಹೆಸರಿಲ್ಲವೇಕೆ ಎಂದು ಕೇಳಿದ್ದೀರಿ. ಅವರು ಬಣ್ಣ ಹಚ್ಚಿದ್ದು ಬಹುಶಃ ಅದೇ ಕಥೆಯ ಕಂಪನಿ ನಾಟಕಕ್ಕೆ. 1934ರ ಸಿನಿಮಾದ ತಾರಾಗಣದಲ್ಲಿ ಹೆಸರು ಸಿಗದಿರಲು ಅದೇ ಕಾರಣವಿರಬೇಕು. ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ನಾಗೇಂದ್ರರಾಯರು ಕೂಡ ರಂಗಭೂಮಿಯವರೇ. ಹಾಗಾಗಿ ಮನೆಮಾತಿನಲ್ಲಿ ನಾಟಕ, ಸಿನಿಮಾ ಒಂದಾಗುವುದು ಸಹಜ. ಆದರೆ ಸಣ್ಣ ಪಾತ್ರದವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತಿದ್ದದ್ದೂ ಉಂಟು, ಆಸೆ ಬಿಡಬೇಡಿ.

ಮೊದಲು ಆ ವೇಷದ ಫೋಟೊ ನೋಡಿ. ಮಲೆನಾಡಿನ ಥಂಡಿಗೆ ಹಳೇ ಫೋಟೊ ಗಾಜಿಗೆ ಅಂಟಿಕೊಂಡಿರುತ್ತದೆ, ದಯವಿಟ್ಟು ಕೀಳಬೇಡಿ, ಮುಖದ ಭಾಗವೇ ಗಾಜಿಗೆ ಎದ್ದು ಬರುತ್ತದೆ. ಗಾಜಿನ ಮೇಲಿಂದಲೇ, ಓರೆ ಬೆಳಕಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಆಮೇಲೆ ಹಿಂದಿನ ರಟ್ಟನ್ನು ಮಾತ್ರ ಬಿಚ್ಚಿ ಫೋಟೊ ಸ್ಟುಡಿಯೋದ ಮುದ್ರೆ, ಊರಿನ ಹೆಸರು ಇದೆಯಾ ನೋಡಿ. ಹಿನ್ನೆಲೆಯಲ್ಲಿ ಚಿತ್ರ ಬರೆದ ಪರದೆ ಕಂಡ ಮಾತ್ರಕ್ಕೆ ನಾಟಕ ಎಂದು ತೀರ್ಮಾನಿಸುವ ಹಾಗಿಲ್ಲ, ಮುದ್ರೆಯೇ ಗಟ್ಟಿ ಸಾಕ್ಷಿ.

ನಂತರ ಮನೆಯ ಹಿರಿಯರನ್ನು “ಅಜ್ಜ ಕೊಲ್ಹಾಪುರಕ್ಕೆ ಹೋಗಿದ್ದರಾ?” ಎಂದೇ ಕೇಳಿ. ಚಿತ್ರೀಕರಣ ನಡೆದದ್ದು ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿ. “ಸಿನಿಮಾ ಮಾಡಿದ್ದರಾ?” ಎಂದರೆ ಎಲ್ಲರೂ ಹೌದು ಅಂತಾರೆ.

ಕೊಲ್ಹಾಪುರಕ್ಕೆ ಹೋಗಿದ್ದು ಹೌದಾದರೆ ಆ ಚಿತ್ರದ ಹಾಡಿನ ಪುಸ್ತಕ ಹುಡುಕಿ. ಆಗ ಟಾಕೀಸಿನಲ್ಲಿ ಮಾರುತ್ತಿದ್ದ ಈ ಪುಸ್ತಕಗಳಲ್ಲಿ ಕಥಾಸಾರದ ಜೊತೆ ಪಾತ್ರಧಾರಿಗಳ ಹೆಸರೂ ಇರುತ್ತಿತ್ತು. ಚಿತ್ರದ ಪ್ರಿಂಟ್ ಉಳಿದಿಲ್ಲ, ಕಾಗದವೇ ಗತಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಫೋಟೊದ ಪ್ರತಿ, ಅಜ್ಜನ ಪೂರ್ತಿ ಹೆಸರು, ಕಂಪನಿಯಲ್ಲಿ ಕರೆಯುತ್ತಿದ್ದ ಹೆಸರು ಎಲ್ಲ ಸೇರಿಸಿ, ಆ ಪುಸ್ತಕ ಇದೆಯಾ ಎಂದು ಕೇಳಿ ಬರೆಯಿರಿ.